ಅಕ್ಕನ ನಾಲಗೆಗೆ ಕಾಯುವ ಸೋಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ನೊರೆಯಮ್ಮ ಒಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಕೂಸನ್ನು ಇಳಿಸುವವರ ಹಾಗೆ ಮೆಲ್ಲಗೆ ಕೆಳಗಿಡುತ್ತಿದ್ದಾರೆ. ಹಲಗೆಯ ಮೇಲೆ ಬೆಣ್ಣೆ ಬಣ್ಣದ ಸೋಪುಗಳ ಸಾಲು. ಒಂದಕ್ಕೊಂದು ತಾಗದ ಹಾಗೆ, ನಡುವೆ ಬೆರಳಾಡುವಷ್ಟು ಜಾಗ ಬಿಟ್ಟು ಜೋಡಿಸಿದ್ದಾರೆ. ಸೋಪಿಗೂ ಉಸಿರಾಡಲು ಗಾಳಿ ಬೇಕು ಎನ್ನುವುದು ಅವರ ಮಾತು. ಸಾಲಿನ ನಡುವಿನಿಂದ ಒಂದನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಅಂಗಳದ ನಲ್ಲಿಯ ಪಕ್ಕದ ಕಲ್ಲಿನ ಮೇಲಿಡುತ್ತಾರೆ. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಲ್ಲುತ್ತಾರೆ.

ಅಂಗಳದ ಆಚೆ ಬದಿಯ ಬಾಗಿಲು ತೆರೆಯುತ್ತದೆ. ನೀಲಿ ಕೋಟು ತೊಟ್ಟ, ಹೆಗಲಿಗೆ ಚೀಲ ಸಿಕ್ಕಿಸಿಕೊಂಡ ಅಕ್ಕ ಬರುತ್ತಾರೆ. ತಂಗಿಯ ಕಡೆ ನೋಡುವುದಿಲ್ಲ. ನೇರ ಕಲ್ಲಿನ ಬಳಿ ಹೋಗಿ ಸೋಪನ್ನು ಎತ್ತಿಕೊಂಡು, ನಲ್ಲಿಯ ಒಂದು ಹನಿ ನೀರು ತಾಗಿಸಿ, ನಾಲಗೆಯ ತುದಿಗೆ ಮುಟ್ಟಿಸುತ್ತಾರೆ. ಒಂದು ಮೂಲೆ. ತಿರುಗಿಸಿ ಇನ್ನೊಂದು ಮೂಲೆ. ಆಮೇಲೆ ನಡುಮಧ್ಯೆ. ಬಾಯಿ ಮುಕ್ಕಳಿಸಿ ಉಗಿಯುತ್ತಾರೆ.

"ಚುರ್ ಅನ್ನಲ್ಲ. ಮಾರು."

ಅಷ್ಟೇ. ಗೇಟು ಕಿರುಗುಟ್ಟುತ್ತದೆ, ಅಕ್ಕ ಕೆಲಸಕ್ಕೆ ಹೋಗುತ್ತಾರೆ. ಗೋಡೆಗೆ ಒರಗಿದ್ದ ತಂಗಿ ಆಗ ಉಸಿರು ಬಿಡುತ್ತಾರೆ. ಒಂದೇ ತಾಯಿಯ ಮಕ್ಕಳು, ಒಂದೇ ಅಂಗಳ, ಒಂದೇ ನಲ್ಲಿ. ಇವತ್ತಿನ ದಿನಕ್ಕೆ ಅವರಿಬ್ಬರ ನಡುವಿನ ಮಾತು ಮುಗಿಯಿತು.

ಸೋಪನ್ನು ನೆಕ್ಕುವುದೇನು ಹುಚ್ಚು ಎಂದು ಕೇಳುವವರಿಗೆ ನೊರೆಯಮ್ಮ ಬೇಸರವಿಲ್ಲದೆ ವಿವರಿಸುತ್ತಾರೆ. ಮನೆಯಲ್ಲಿ ಸೋಪು ಮಾಡಲು ಬೇಕಾಗುವುದು ಎಣ್ಣೆ, ನೀರು, ಮತ್ತೆ ಕಾಸ್ಟಿಕ್ ಸೋಡಾ. ಈ ಕಾಸ್ಟಿಕ್ ಬರಿಗೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಆದರೆ ಎಣ್ಣೆಯ ಜೊತೆ ಸರಿಯಾದ ಅಳತೆಯಲ್ಲಿ ಸೇರಿ, ವಾರಗಟ್ಟಲೆ ಗಾಳಿಗೆ ಕೂತರೆ ಅದರ ಉರಿಯೆಲ್ಲ ಇಳಿದು ಸೋಪು ಮಾಗುತ್ತದೆ. ಮಾಗಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗಿಗೂ ಇಲ್ಲ. ನಾಲಗೆಗೆ ಮಾತ್ರ ಗೊತ್ತು. ಕಾಸ್ಟಿಕ್ ಉಳಿದಿದ್ದರೆ ನಾಲಗೆಯ ತುದಿಗೆ ಕರೆಂಟು ಹೊಡೆದ ಹಾಗೆ ಚುರ್ ಎನ್ನುತ್ತದೆ.

"ಈ ಕೆಲಸ ಮಾಡೋರೆಲ್ಲ ಹೀಗೇ ನೋಡೋದು. ನಾನೂ ಹೀಗೇ ನೋಡ್ತಿದ್ದೆ," ಎನ್ನುತ್ತಾರೆ. "ಈಗ ನೋಡಲ್ಲ. ನನ್ನ ನಾಲಿಗೆನ ನಾನೇ ನಂಬಲ್ಲ. ಅಕ್ಕ ನೋಡಿ ಹೂಂ ಅನ್ನೋವರೆಗೂ ಒಂದು ಬಿಲ್ಲೆನೂ ಈ ಅಂಗಳ ದಾಟಲ್ಲ."

ನೊರೆಯಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೊದಮೊದಲು ಗೇಲಿಗೆ ಇಟ್ಟಿದ್ದು, ಆಮೇಲೆ ಅದೇ ಗಟ್ಟಿಯಾಯಿತು. ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮನುಷ್ಯರು, ಹಿಂದಿನ ಕೋಣೆಯಲ್ಲಿ ಡಬ್ಬಿ, ಬಾಟಲಿ, ಬಕೆಟ್ಟು. ಗಂಡ ಗ್ಯಾರೇಜಿನಲ್ಲಿ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡುವವರು. ಮಂಚದ ಕೆಳಗೂ ಸೋಪಿನ ಹಲಗೆಗಳೇ ಇರುವುದರಿಂದ ತನ್ನ ಚಪ್ಪಲಿ ಇಡಲು ಜಾಗವಿಲ್ಲ ಎಂದು ಬಂದವರ ಮುಂದೆಲ್ಲ ದೂರುತ್ತಾರೆ.

"ನೋಡಿ ಸಾರ್, ಈ ಮನೇಲಿ ಸೋಪಿಗೆ ಫ್ಯಾನ್ ಹಾಕ್ತಾರೆ. ನಾನು ಸೆಕೆ ಅಂದ್ರೆ ಹೊರಗೆ ಹೋಗಿ ಕೂತ್ಕೊಳ್ಳಿ ಅಂತಾಳೆ."

"ಸೋಪು ಬೆವರಿದ್ರೆ ಹಾಳಾಗುತ್ತೆ. ನೀವು ಬೆವರಿದ್ರೆ ಏನಾಗುತ್ತೆ?" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಮಾಡುವುದು ಸೋಪೊಂದೇ ಅಲ್ಲ. ನೆಲ ಒರೆಸಲು ಕಿತ್ತಳೆ ಸಿಪ್ಪೆಯ ನೀರು. ಜ್ಯೂಸ್ ಅಂಗಡಿಯಲ್ಲಿ ಹಿಂಡಿ ಬಿಸಾಡುವ ಸಿಪ್ಪೆಯನ್ನು ತಂದು, ಸಕ್ಕರೆ ಮತ್ತು ನೀರು ಹಾಕಿ, ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಾರೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡದಿದ್ದರೆ ಡಬ್ಬಿ ಊದಿಕೊಳ್ಳುತ್ತದೆ. ಒಮ್ಮೆ ನೆಂಟರ ಮನೆಗೆ ಹೋದವರು ಒಂದು ದಿನ ಹೆಚ್ಚಿಗೆ ಉಳಿದರಂತೆ. ವಾಪಸು ಬಂದು ನೋಡಿದರೆ ಮುಚ್ಚಳ ಎಲ್ಲೋ, ಡಬ್ಬಿ ಎಲ್ಲೋ, ಸೂರಿಗೆ ಅಂಟಿಕೊಂಡ ಸಿಪ್ಪೆ, ಗಂಡನ ಒಂದೇ ಒಂದು ಬಿಳಿ ಅಂಗಿಯ ಮೇಲೆ ಹಳದಿ ಕಲೆ. ಸೂರಿನ ಆ ಗುರುತು ಈಗಲೂ ಇದೆ. ಇನ್ನು ಹಲ್ಲುಜ್ಜಲು ಇದ್ದಿಲು, ಉಪ್ಪು, ಲವಂಗ ಕುಟ್ಟಿದ ಪುಡಿ. ಕಿಟಕಿಯ ಗಾಜಿಗೆ ವಿನೆಗರ್ ಬೆರೆಸಿದ ನೀರು. ಒಡೆದ ಹಿಮ್ಮಡಿಗೆ, ಬಿರಿದ ಕೈಗೆ ಜೇನುಮೇಣ ಕರಗಿಸಿ ಎಣ್ಣೆ ಸೇರಿಸಿದ ಮುಲಾಮು.

ಈ ಕೆಲಸಕ್ಕೆ ಅವರು ಬಂದಿದ್ದು ಪ್ರಕೃತಿಯ ಮೇಲಿನ ಪ್ರೀತಿಯಿಂದ ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಮದುವೆಯಾದ ಹೊಸದರಲ್ಲಿ ನೊರೆಯಮ್ಮ ಒಂದು ಶೆಡ್ಡಿನಲ್ಲಿ ಬಾಟಲಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ನೆಲ ತೊಳೆಯುವ ಲಿಕ್ವಿಡ್ಡು. ಒಂದೇ ಡ್ರಮ್ಮು, ಮೂರು ಬಣ್ಣ, ಮೂರು ಹೆಸರು. ಒಂದರ ಮೇಲೆ ನಿಂಬೆಹಣ್ಣಿನ ಚಿತ್ರ, ಇನ್ನೊಂದರ ಮೇಲೆ ಗುಲಾಬಿ, ಮತ್ತೊಂದರ ಮೇಲೆ ಹಸಿರು ಎಲೆ. ಆ ಶೆಡ್ಡಿನೊಳಕ್ಕೆ ನಿಂಬೆಹಣ್ಣು ಎಂಬ ವಸ್ತು ಯಾವತ್ತಾದರೂ ಬಂದಿದ್ದರೆ ಅದು ಕೆಲಸದವರ ಊಟದ ಡಬ್ಬಿಯಲ್ಲಿ ಮಾತ್ರ. ಕಿಟಕಿಯಿಲ್ಲದ ಆ ಜಾಗದಲ್ಲಿ ಉಸಿರಾಡಿ ಉಸಿರಾಡಿ ಕೆಮ್ಮು ಹತ್ತಿತು. ಕೆಮ್ಮುವವರು ಬೇಡ ಎಂದು ಮಾಲೀಕ ಮನೆಗೆ ಕಳಿಸಿದ. ಕೆಮ್ಮು ಯಾರು ಕೊಟ್ಟಿದ್ದು ಎಂದು ಕೇಳುವ ಬಾಯಿ ಆಗ ಯಾರಿಗೂ ಇರಲಿಲ್ಲ.

ಅದೇ ಲಿಕ್ವಿಡ್ಡು, ಅಥವಾ ಅದರ ಅಣ್ಣತಮ್ಮಂದಿರು, ಊರಿನ ಇನ್ನೊಂದು ತುದಿಯ ಗಾಜಿನ ಕಟ್ಟಡಗಳಲ್ಲಿ ಅಕ್ಕನ ಕೈ ಸುಡುತ್ತಿದ್ದವು. ಅಕ್ಕ ಗುತ್ತಿಗೆ ಕಂಪನಿಯ ಕ್ಲೀನಿಂಗ್ ಕೆಲಸದವರು. ನೀವು ಲಿಫ್ಟಿನಿಂದ ಇಳಿದಾಗ ಮುಖ ಕಾಣುವಷ್ಟು ಹೊಳೆಯುತ್ತದಲ್ಲ ನೆಲ, ಅದು ತಾನಾಗಿ ಹೊಳೆಯುವುದಿಲ್ಲ. ಯಾರೋ ಮಂಡಿಯೂರಿ ಕೂತು, ಬರಿಗೈಯಲ್ಲಿ ಬಟ್ಟೆ ಹಿಂಡಿ ಹಿಂಡಿ ಒರೆಸಿರುತ್ತಾರೆ. ಗ್ಲೌಸು ಕೊಡಿ ಎಂದರೆ ಸೂಪರ್‌ವೈಸರು ಮುಂದಿನ ತಿಂಗಳು ಎನ್ನುತ್ತಾನೆ. ವರ್ಷಗಳಿಂದ ಅವನಿಗೆ ಅದೇ ಮುಂದಿನ ತಿಂಗಳು.

"ಅಕ್ಕನ ಕೈ ನೋಡ್ಬೇಕಿತ್ತು ನೀವು. ಬೆರಳ ಸಂದಿಲೆಲ್ಲ ಬಿರುಕು, ರಕ್ತ. ಬಟ್ಟೆ ಗುಂಡಿ ಹಾಕ್ಕೊಳ್ಳೋಕೂ ನನ್ನ ಕರೀತಿದ್ಲು," ಎನ್ನುತ್ತಾರೆ ನೊರೆಯಮ್ಮ. "ಅಮ್ಮ ಹೋದ್ಮೇಲೆ ನಂಗೆ ಜಡೆ ಹಾಕಿದ ಕೈ ಅದು. ತುತ್ತು ಕಲಸಿ ಬಾಯಿಗಿಟ್ಟ ಕೈ. ಮನೆಗೆ ಬಂದು ಕೈ ತೊಳ್ಕೊಳ್ಳೋಣ ಅಂದ್ರೆ ಅಂಗಡಿ ಸೋಪು ಹಾಕಿದ ಕೂಡ್ಲೇ ಅಯ್ಯೋ ಅಂತ ಕೂಗ್ತಿದ್ಲು. ಅದಕ್ಕೆ ಶುರು ಮಾಡಿದ್ದು ನಾನು. ಬೇರೆ ಯಾವ ಘನಕಾರ್ಯಕ್ಕೂ ಅಲ್ಲ."

ಫೋನಿನಲ್ಲಿ ನೋಡಿ, ಅವರಿವರನ್ನು ಕೇಳಿ ಕಲಿತರು. ಮೊದಲ ಸಲ ಮಾಡಿದ್ದು ಕಲ್ಲಾಯಿತು. ಎರಡನೆಯದು ಗಟ್ಟಿಯಾಗಲೇ ಇಲ್ಲ. ಗೋಡೆಯ ಬಿರುಕಿಗೆ ಮೆತ್ತಲು ಒಳ್ಳೆಯದಿದೆ ಎಂದು ಗಂಡ ನಕ್ಕರು. ಸರಿಹೋದ ಮೊದಲ ಸೋಪನ್ನು ಅವರ ಕೈಗೇ ಕೊಟ್ಟು ಪರೀಕ್ಷೆ ಮಾಡಿದರು. ಬಸ್ಸಿನ ಗ್ರೀಸು ಬಿಟ್ಟಿತು, ಚರ್ಮ ಉಳಿಯಿತು. ಆಮೇಲೆಯೇ ಅಕ್ಕನ ಕೈಗೆ ಕೊಟ್ಟಿದ್ದು. ಅಕ್ಕ ಈ ನಲ್ಲಿಯ ಕೆಳಗೆ ಕೈ ಹಿಡಿದು ನೊರೆ ಮಾಡಿದರು, ಕೂಗಲಿಲ್ಲ. ಉರಿಯದ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, "ಇದೇನೇ ಇದು, ಕೈ ತೊಳ್ಕೊಂಡ ಹಾಗೇ ಅನ್ನಿಸ್ತಿಲ್ವಲ್ಲೇ!" ಎಂದರಂತೆ. ಆ ಮಾತನ್ನು ಹೇಳುವಾಗ ನೊರೆಯಮ್ಮನ ಮುಖ ಅರಳುತ್ತದೆ. ಅರಳಿದ್ದು ಗೊತ್ತಾದ ಕೂಡಲೇ ಬಾಡುತ್ತದೆ.

ಏಕೆಂದರೆ ಮುಂದಿನದನ್ನು ಹೇಳಬೇಕು. ಹೇಳದೆ ಬಿಡುವವರಲ್ಲ ಅವರು.

ಅಕ್ಕನ ಕೈ ಮೆತ್ತಗಾದದ್ದು ಕಟ್ಟಡದ ಜೊತೆಗಾರ್ತಿಯರ ಕಣ್ಣಿಗೆ ಬಿತ್ತು. ನಮಗೂ ಬೇಕು, ನಮಗೂ ಬೇಕು ಎಂದು ಎಲ್ಲರೂ ಕೇಳಿದರು. ಅಕ್ಕನಿಗೆ ಎಲ್ಲಿಲ್ಲದ ಹೆಮ್ಮೆ. ನಮ್ಮ ತಂಗಿ ಮಾಡಿದ್ದು, ಅಂಗಡಿಯದಲ್ಲ, ನಮ್ಮ ತಂಗಿ ಮಾಡಿದ್ದು ಎಂದು ಕಟ್ಟಡದ ಮಹಡಿ ಮಹಡಿಗೂ ಹೇಳಿಕೊಂಡು ಬಂದರು. ಆ ಹೆಂಗಸರಿಗಾಗಿಯೇ ನೊರೆಯಮ್ಮ ಒಂದು ದೊಡ್ಡ ಪಾಕ ಹಾಕಿದರು.

ದಿನಾ ಎಣ್ಣೆ ತೂಗುತ್ತಿದ್ದ ಪ್ಲಾಸ್ಟಿಕ್ ಬಕೆಟ್ಟು ಅವತ್ತು ಬಿರುಕು ಬಿಟ್ಟಿತ್ತು. ಅದರ ಬದಲಿಗೆ ಅಮ್ಮನ ಕಾಲದ ದಪ್ಪ ಸ್ಟೀಲ್ ಪಾತ್ರೆಯನ್ನು ತೂಕದ ಯಂತ್ರದ ಮೇಲಿಟ್ಟರು. ಖಾಲಿ ಪಾತ್ರೆ ಇಟ್ಟಮೇಲೆ ಗುಂಡಿ ಒತ್ತಿ ತೂಕವನ್ನು ಸೊನ್ನೆಗೆ ತರಬೇಕು, ಆಮೇಲೆ ಎಣ್ಣೆ ಸುರಿಯಬೇಕು. ಅಷ್ಟರಲ್ಲಿ ಜ್ಯೂಸ್ ಅಂಗಡಿಯವನು ಸಿಪ್ಪೆಯ ಮೂಟೆ ತಂದು ಬಾಗಿಲು ಬಡಿದ. ಹೋಗಿ ಬಂದವರು ಗುಂಡಿ ಒತ್ತದೆ ಎಣ್ಣೆ ಸುರಿದರು. ಪಾತ್ರೆಯ ತೂಕವೂ ಎಣ್ಣೆಯ ಲೆಕ್ಕಕ್ಕೇ ಹೋಯಿತು. ಯಂತ್ರದ ಮೇಲೆ ಅಂಕಿ ಸರಿಯಾಗಿಯೇ ಕಾಣುತ್ತಿತ್ತು, ಪಾತ್ರೆಯೊಳಗೆ ಮಾತ್ರ ಎಣ್ಣೆ ಕಡಿಮೆ. ಎಣ್ಣೆ ಕಡಿಮೆಯಾದರೆ ಕಾಸ್ಟಿಕ್ ಹೆಚ್ಚು. ಅಂಥ ಸೋಪನ್ನು ಎಷ್ಟು ದಿನ ಇಟ್ಟರೂ ಅದು ಮಾಗುವುದಿಲ್ಲ.

ಇಷ್ಟಾದರೂ ಏನೂ ಕೆಡುತ್ತಿರಲಿಲ್ಲ. ನಾಲಗೆ ಇತ್ತಲ್ಲ, ಅದು ಹಿಡಿದುಬಿಡುತ್ತಿತ್ತು. ಆದರೆ ಸೋಪು ತೆಗೆಯುವ ದಿನ ಬೆಳಿಗ್ಗೆ ನೊರೆಯಮ್ಮ ಹಲ್ಲಿನ ಡಾಕ್ಟರ ಬಳಿ ಹೋಗಿ, ವಾರದಿಂದ ಕಾಡುತ್ತಿದ್ದ ದವಡೆ ಹಲ್ಲನ್ನು ಕೀಳಿಸಿಕೊಂಡು ಬಂದಿದ್ದರು. ಮರಗಟ್ಟಿಸುವ ಇಂಜೆಕ್ಷನ್ನು. ಅರ್ಧ ಮುಖ ಯಾರದೋ ಅನ್ನಿಸುತ್ತಿತ್ತು. ಮಧ್ಯಾಹ್ನದ ಪಾಳಿಗೆ ಹೊರಟ ಅಕ್ಕ ಚೀಲ ಬಿಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಬೇಗ ಕೊಡೇ, ಬಸ್ಸು ಹೋಗುತ್ತೆ. ಅವರೆಲ್ಲ ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ."

ಬಾಯಿಗೆ ಹತ್ತಿ ತುರುಕಿಕೊಂಡೇ ನೊರೆಯಮ್ಮ ಸೋಪೊಂದನ್ನು ಎತ್ತಿ ನಾಲಗೆಗೆ ಮುಟ್ಟಿಸಿದರು. ಚುರ್ ಎನ್ನಲಿಲ್ಲ. ಇನ್ನೊಂದನ್ನು ಮುಟ್ಟಿಸಿದರು. ಅದೂ ಎನ್ನಲಿಲ್ಲ. ಇಷ್ಟು ಮೆತ್ತಗಿನ ಪಾಕ ಈವರೆಗೆ ಬಂದೇ ಇಲ್ಲ ಅನ್ನಿಸಿತಂತೆ.

"ನಗ್ಬೇಡಿ," ಎನ್ನುತ್ತಾರೆ, ಎದುರಿಗೆ ಯಾರೂ ನಗುತ್ತಿಲ್ಲದಿದ್ದರೂ. "ನಾಲಿಗೆ ಇದ್ಯೋ ಇಲ್ವೋ ಅನ್ನೋದೇ ಗೊತ್ತಾಗ್ತಿರ್ಲಿಲ್ಲ ನಂಗೆ. ಆ ನಾಲಿಗೆ ಇಟ್ಕೊಂಡು ಸೋಪು ನೋಡಿದೆ. ಕೈಗೆ ಅಭ್ಯಾಸ, ಎತ್ತಿ ಮುಟ್ಟಿಸ್ತು. ತಲೆ ಎಲ್ಲಿತ್ತೋ! ಅಕ್ಕ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಸುತ್ತಿ ಚೀಲಕ್ಕೆ ಹಾಕ್ಕೊಂಡ್ಲು. ಹೋಗ್ವಾಗ ನನ್ನ ಕೆನ್ನೆ ಮುಟ್ಟಿ, ಊದ್ಕೊಂಡಿದೆ ಮಲ್ಕೋ ಅಂದ್ಲು."

ಸಂಜೆ ಹೊತ್ತಿಗೆ ಮುಖಕ್ಕೆ ಜೀವ ಬಂತು. ಹಲಗೆ ಒರೆಸುವಾಗ ಅಂಚಿನಲ್ಲಿ ಉಳಿದ ಸೋಪಿನ ಚೂರೊಂದನ್ನು ಸುಮ್ಮನೆ ನಾಲಗೆಗೆ ಮುಟ್ಟಿಸಿದರು. ಕಣ್ಣಲ್ಲಿ ನೀರು ಬರುವ ಹಾಗೆ ಹೊಡೆಯಿತು. ಅಷ್ಟೊತ್ತಿಗೆ ಕಟ್ಟಡದಲ್ಲಿ ಚಹಾದ ಬಿಡುವಾಗಿ, ಹೆಂಗಸರು ಕೈ ತೊಳೆದುಕೊಂಡಾಗಿತ್ತು.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರ ಕೈಯಲ್ಲೂ ಆಗುತ್ತದೆ. ನೊರೆಯಮ್ಮ ತಮ್ಮನ್ನು ತಾವು ಕ್ಷಮಿಸಿಕೊಳ್ಳದೆ ಇರುವುದು ಮಾರನೆಯ ಬೆಳಗಿಗೆ.

ಬೆಳಿಗ್ಗೆ ಅಕ್ಕ ಕೆಂಪಗೆ ಸುಲಿದ ಎರಡು ಕೈಯನ್ನೂ ಮುಂದೆ ಹಿಡಿದುಕೊಂಡು ಬಂದರು. ತಂಗಿಯ ಸೋಪಿನ ಮೇಲೆ ಒಂದು ಎಳೆ ಅನುಮಾನವೂ ಇಲ್ಲ. "ನೋಡೇ, ಆ ದರಿದ್ರದ ಲಿಕ್ವಿಡ್ಡು! ನನಗೊಬ್ಬಳಿಗಲ್ಲ, ಎಲ್ಲರಿಗೂ ಹೀಗೇ ಆಗಿದೆ. ಇವತ್ತು ಬಿಡಲ್ಲ ಅವನನ್ನ," ಎಂದರು. ನೊರೆಯಮ್ಮ ಮುಲಾಮಿನ ಡಬ್ಬಿ ತಂದು, ಅಕ್ಕನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಚ್ಚಿದರು. ಬಾಯಿ ಬಿಡಲಿಲ್ಲ.

"ಹೇಳೋಣ ಅಂತ ಗಂಟಲವರೆಗೂ ಬಂತು. ಅಷ್ಟರಲ್ಲಿ ನೀನು ಮಾಡಿದ ಮುಲಾಮು ಎಷ್ಟು ತಂಪಾಗಿದೆ ಅಂತ ಅಕ್ಕ ಅಂದ್ಲು. ಆಮೇಲೆ ಎಲ್ಲಿಂದ ಹೇಳ್ಲಿ?"

ಅವತ್ತು ಆ ಕಟ್ಟಡದಲ್ಲಿ ಯಾವತ್ತೂ ಆಗದ್ದು ಆಯಿತು. ತಲೆ ತಗ್ಗಿಸಿ ನೆಲ ಒರೆಸುವ ಹೆಂಗಸರು ಮಾಪು, ಬಕೆಟ್ಟು ಕೆಳಗಿಟ್ಟು, ಸುಟ್ಟ ಕೈಗಳನ್ನು ಮೇಲೆತ್ತಿ ಸೂಪರ್‌ವೈಸರಿನ ಮೇಜಿನ ಸುತ್ತ ನಿಂತರು. ಮುಂದೆ ನಿಂತು ಮಾತಾಡಿದವರು ಅಕ್ಕ. ಇಷ್ಟು ವರ್ಷದ ಬಿರುಕು, ರಕ್ತ, ಮುಂದಿನ ತಿಂಗಳ ಗ್ಲೌಸು ಎಲ್ಲವೂ ಆ ಮಾತಿನಲ್ಲಿತ್ತು. ಕಂಪನಿಯ ದೊಡ್ಡವರು ಕೆಳಗಿಳಿದು ಬಂದರು. ಲಿಕ್ವಿಡ್ಡು ಬದಲಾಯಿಸೋಣ, ಎಲ್ಲರಿಗೂ ಗ್ಲೌಸು ಕೊಡೋಣ ಎಂದು ಎಲ್ಲರೆದುರು ಒಪ್ಪಿಕೊಂಡರು.

ಅಕ್ಕ ಕುಣಿಯುತ್ತಾ ಮನೆಗೆ ಬಂದರು. "ಗ್ಲೌಸು ಕೊಡ್ತಾರಂತೆ ಕಣೇ! ಎಲ್ಲರಿಗೂ!" ಆ ಖುಷಿಯ ಎದುರಿಗೆ ನೊರೆಯಮ್ಮನಿಗೆ ತಡೆಯಲಾಗಲಿಲ್ಲ. ಈ ನಲ್ಲಿಯ ಬಳಿಯೇ, ನಿಂತಲ್ಲೇ ಹೇಳಿಬಿಟ್ಟರು. ಪಾತ್ರೆ, ಗುಂಡಿ, ಹಲ್ಲು, ನಾಲಗೆ, ಸಂಜೆಯ ಆ ಚೂರು, ಎಲ್ಲ.

ಅಕ್ಕ ಕೂಗಾಡಲಿಲ್ಲ. ಎರಡೇ ಪ್ರಶ್ನೆ ಕೇಳಿದರು.

"ಮುಲಾಮು ಹಚ್ಚುವಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ಅವರ ಜೊತೆ ಜಗಳಕ್ಕೆ ಹೊರಟಾಗ?"

"ಗೊತ್ತಿತ್ತು ಅಕ್ಕ."

ಮಾರನೆಯ ದಿನ ಅಕ್ಕ ಜೊತೆಗಾರ್ತಿಯರನ್ನೆಲ್ಲ ಕೂರಿಸಿಕೊಂಡು ನಿಜ ಹೇಳಿದರು. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಗ್ಲೌಸು ಬರುತ್ತಿತ್ತು. ಆದರೆ ಉಳಿದ ಸೋಪು ಆ ಹೆಂಗಸರ ಮನೆಗಳಲ್ಲಿತ್ತು, ಅವರ ಮಕ್ಕಳ ಕೈಗೆ ಸಿಗುವ ಹಾಗಿತ್ತು. ಹೇಳಲೇಬೇಕಿತ್ತು. ಹೇಳಿದ್ದು ಗೋಡೆಗಳಿಗೆ ಕೇಳಿಸಿತು, ಗೋಡೆಗಳಿಂದ ಸೂಪರ್‌ವೈಸರಿಗೆ.

ಆಮೇಲೆ ಆಗಿದ್ದನ್ನು ನೆನೆದರೆ ಮೈ ಉರಿಯುತ್ತದೆ. ವರ್ಷಗಟ್ಟಲೆ ಕೈ ತಿಂದ ಲಿಕ್ವಿಡ್ಡು ಒಂದೇ ದಿನದಲ್ಲಿ ಹಾಲಿನಷ್ಟು ಶುದ್ಧವಾಯಿತು. ಮನೆಯಲ್ಲಿ ಏನೋ ಕಲಸಿಕೊಂಡು ಕೈ ಸುಟ್ಟುಕೊಳ್ಳೋದು, ಇಲ್ಲಿ ಬಂದು ಕಂಪನಿ ಮೇಲೆ ಹಾಕೋದು ಎಂದು ಸೂಪರ್‌ವೈಸರು ಎಲ್ಲರ ಮುಂದೆ ಗದರಿದ. ಗ್ಲೌಸಿನ ಮಾತು ಅಲ್ಲಿಗೇ ಸತ್ತಿತು. ಹಳೆಯ ಬಿರುಕುಗಳು ಯಾವ ಸೋಪಿನಿಂದ ಬಂದವು ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಅಕ್ಕನನ್ನು ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗ ಗುಡಿಸಲು ಹಾಕಿದರು. ಈಗಲೂ ಅಲ್ಲೇ ಇದ್ದಾರೆ, ಹೊಗೆ ಕುಡಿದುಕೊಂಡು. ಲಿಕ್ವಿಡ್ಡು ಮೇಲಿನ ಮಹಡಿಗಳಲ್ಲಿ ಹಾಗೇ ಇದೆ. ಅದರ ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿದೆ.

ನೊರೆಯಮ್ಮ ಸೋಪು ಮಾಡುವುದನ್ನೇ ಬಿಟ್ಟರು. ಹಲಗೆಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಚಪ್ಪಲಿ ಇಡಲು ಜಾಗ ಸಿಕ್ಕಿತು ಎಂದು ಗಂಡ ತಮಾಷೆ ಮಾಡಿದರೆ ಎದ್ದು ಒಳಗೆ ಹೋದರಂತೆ. ಮತ್ತೆ ಶುರು ಮಾಡಿಸಿದವರು, ಯಾರೂ ಊಹಿಸದ ಹಾಗೆ, ಅಕ್ಕನೇ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು, ತಂಗಿಯ ಮುಖ ನೋಡದೆ, ನೆಲ ನೋಡಿಕೊಂಡು ಹೇಳಿದರು: "ಮಾಡು. ಮಾರೋ ಮುಂಚೆ ನಾನು ನೋಡ್ತೀನಿ." ಅವತ್ತಿನಿಂದ ಪ್ರತಿ ಪಾಕಕ್ಕೂ ಹೀಗೇ. ಸೋಪು ಕಲ್ಲಿನ ಮೇಲೆ ಬರುತ್ತದೆ, ಅಕ್ಕನ ನಾಲಗೆ ತೀರ್ಪು ಕೊಡುತ್ತದೆ. ಆದರೆ ಅದೇ ಸೋಪಿನಿಂದ ಅಕ್ಕ ಇವತ್ತಿನವರೆಗೂ ಕೈ ತೊಳೆದಿಲ್ಲ. ಬರೀ ನೀರು, ಇಲ್ಲವೇ ಅಂಗಡಿಯ ಸೋಪು. ಅಂಗಡಿಯದು ಉರಿದರೂ ಅದೇ.

ನೊರೆಯಮ್ಮನ ಸೋಪುಗಳನ್ನು ಬೀದಿಯ ತಿರುವಿನ ಇಸ್ತ್ರಿ ಅಂಗಡಿಯಲ್ಲಿ ಇಟ್ಟು ಮಾರುತ್ತಾರೆ. ಹಿಂದಿನ ದಿನದ ಬಟ್ಟೆಯ ಗಂಟುಗಳ ಪಕ್ಕ ಒಂದು ಬುಟ್ಟಿ. ಇಸ್ತ್ರಿಯಣ್ಣನಿಗೆ ಈ ವ್ಯಾಪಾರದ ಬಗ್ಗೆ ಒಂದೇ ತಕರಾರು. ಗಿರಾಕಿ ಸೋಪು ಎತ್ತಿಕೊಳ್ಳುವ ಹೊತ್ತಿಗೆ ನೊರೆಯಮ್ಮ ಅಲ್ಲಿದ್ದರೆ, ಕೈ ಹಿಡಿದು ನಿಲ್ಲಿಸಿ ಹಳೆಯ ಕಥೆಯನ್ನೆಲ್ಲ ಹೇಳುತ್ತಾರೆ. ನಾನು ಒಂದು ಸಲ ಜನರ ಕೈ ಸುಟ್ಟಿದ್ದೀನಿ, ಗೊತ್ತಿರಲಿ, ಆಮೇಲೆ ತಗೊಳ್ಳಿ ಎನ್ನುತ್ತಾರೆ.

"ನಿಮಗ್ಯಾಕಮ್ಮ ಊರಿಗೆಲ್ಲ ಡಂಗೂರ ಸಾರೋ ಕೆಲಸ?" ಎಂದು ಕೆಂಡದ ಪೆಟ್ಟಿಗೆ ಬೀಸುತ್ತಾ ಇಸ್ತ್ರಿಯಣ್ಣ ಬಯ್ಯುತ್ತಾರೆ. "ನಾನು ಒಂದು ಅಂಗಿ ಸುಟ್ಟೆ ಅಂತ ಬಂದೋರ್ಗೆಲ್ಲ ಹೇಳ್ಕೊಂಡು ಕೂತಿದ್ರೆ ನನ್ನ ಹತ್ರ ಲಂಗೋಟಿ ಕೊಡೋಕೂ ಯಾರೂ ಬರ್ತಿರ್ಲಿಲ್ಲ."

"ಅಂಗಿ ಬೇರೆ ತರಬಹುದಲ್ವಾ ಅಣ್ಣ."

"ಎಲ್ಲಕ್ಕೂ ಒಂದು ಉತ್ತರ ಇಟ್ಕೊಂಡಿರ್ತಾರೆ! ನೋಡಿ, ಮೊನ್ನೆ ಬಂದ ಮೇಡಮ್ಮು ಈ ಪುರಾಣ ಕೇಳಿ, ಬುಟ್ಟಿಯಿಂದ ಎತ್ತಿದ್ದನ್ನ ಮತ್ತೆ ಬುಟ್ಟಿಗೇ ಹಾಕಿ ಹೋದ್ರು. ಎದುರುಗಡೆ ಅಂಗಡೀಲಿ ಎಲೆ ಚಿತ್ರದ ಬಾಟ್ಲಿ ತಗೊಂಡ್ರು. ಆ ಬಾಟ್ಲಿ ಬಾಯಿ ಬಿಟ್ಟು ಹೇಳುತ್ತಾ, ನಾನು ಇಷ್ಟು ಜನರ ಕೈ ಸುಟ್ಟಿದ್ದೀನಿ ಅಂತ?"

ಬಾಟಲಿ ಹೇಳುವುದಿಲ್ಲ. ಬಾಟಲಿ ಮಾಡಿದವನೂ ಹೇಳುವುದಿಲ್ಲ, ಕೊಂಡು ತಂದು ಕೆಲಸದವರ ಬರಿಗೈಗೆ ಕೊಟ್ಟವನೂ ಹೇಳುವುದಿಲ್ಲ. ಅವರ ಮಾಲು ಲಾರಿಗಟ್ಟಲೆ ಹೋಗುತ್ತದೆ. ಹೇಳುವವರ ಬುಟ್ಟಿ ಇಸ್ತ್ರಿ ಅಂಗಡಿಯ ಮೂಲೆಯಲ್ಲಿ ಕೂತಿರುತ್ತದೆ. ಇದನ್ನು ನ್ಯಾಯ ಎಂದು ಕರೆಯುವವರು ಒಮ್ಮೆ ಆ ನೆಲಮಾಳಿಗೆಗೆ ಇಳಿದು, ಅಕ್ಕನ ಕೈ ನೋಡಿ ಬರಲಿ.

ನೊರೆಯಮ್ಮನಿಗೆ ಈ ಸಿಟ್ಟು ಅರ್ಥವಾಗುತ್ತದೆ, ಆದರೆ ಅದರಲ್ಲಿ ಪಾಲು ಬೇಡ. "ಅವರು ಸುಟ್ಟಿದ್ದು ಅವರ ಲೆಕ್ಕ. ನಾನು ಸುಟ್ಟಿದ್ದು ನಂದು," ಎನ್ನುತ್ತಾ ಗ್ಲೌಸು ಎಳೆದುಕೊಳ್ಳುತ್ತಾರೆ. ಇವತ್ತಿನ ಪಾಕಕ್ಕೆ ಹೊತ್ತಾಗಿದೆ. ಹೊಸ ಬಕೆಟ್ಟನ್ನು ಯಂತ್ರದ ಮೇಲಿಟ್ಟು ಗುಂಡಿ ಒತ್ತುತ್ತಾರೆ. ಸೊನ್ನೆ ಬಂದಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಒಳಗಿನಿಂದ ಗಂಡನನ್ನು ಕರೆದು ಅವರಿಂದಲೂ ಹೇಳಿಸುತ್ತಾರೆ. ಮುಖ ತೊಳೆಯುತ್ತಿದ್ದರೂ, ಶೇವಿಂಗ್ ಅರ್ಧಕ್ಕೆ ನಿಂತಿದ್ದರೂ ಅವರು ಬಂದು ಬಗ್ಗಿ ನೋಡಿ "ಸೊನ್ನೆ" ಎನ್ನಬೇಕು. "ಜೀವನಪೂರ್ತಿ ನನ್ನ ಬೆಲೆ ಎಷ್ಟು ಅಂತ ದಿನಾ ಬೆಳಿಗ್ಗೆ ನನ್ನ ಬಾಯಿಂದಾನೇ ಹೇಳಿಸ್ತಾಳೆ," ಎಂದು ಹೋಗುತ್ತಾರೆ. ಮನೆಯಲ್ಲಿ ಈಗ ಯಾರಿಗೆ ಹಲ್ಲುನೋವು ಬಂದರೂ ಅಕ್ಕನ ಹಲ್ಲು ಹೇಗಿದೆ, ನಾಲಗೆ ಮರಗಟ್ಟಿಲ್ಲ ತಾನೇ ಎಂದು ಮೊದಲು ವಿಚಾರಿಸುವುದು ಅವರೇ. ಆ ತಮಾಷೆಗೆ ನೊರೆಯಮ್ಮ ಮಾತ್ರ ನಗುವುದಿಲ್ಲ.

ಕಾಸ್ಟಿಕ್ ಹರಳುಗಳನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾರೆ. ಹರಳಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ನೀರು ಕುದಿಬಂದ ಹಾಗೆ ಬಿಸಿಯಾಗಿ ಹೊಗೆಯಾಡುತ್ತದೆ. ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಾಯುತ್ತಾರೆ. ತಣಿದ ಮೇಲೆ ಎಣ್ಣೆಗೆ ಸುರಿದು ಮರದ ಸೌಟಿನಲ್ಲಿ ತಿರುಗಿಸುತ್ತಾರೆ, ತೋಳು ಸೋಲುವವರೆಗೆ. ಪಾಕ ಗಟ್ಟಿಯಾಗುತ್ತಾ ಸೌಟು ಎಳೆದ ಗೆರೆ ಮೇಲೇ ನಿಂತರೆ ಅಚ್ಚಿಗೆ ಹೊಯ್ಯುವ ಹದ. ಅಚ್ಚು ಎಂದರೆ ಹಳೆಯ ಮೇಜಿನ ಖಾನೆ. ಹೊಯ್ದು, ಮುಚ್ಚಿ, ಕೈಯ ಗ್ಲೌಸನ್ನು ಬಿಚ್ಚದೆ ಒಮ್ಮೆ ಅದನ್ನೇ ನೋಡುತ್ತಾರೆ.

"ನನ್ನ ಕೈಗೆ ಗ್ಲೌಸ್ ಇದೆ ನೋಡಿ. ಎಷ್ಟು ದಪ್ಪ! ಅಕ್ಕನಿಗೆ ಒಂದು ಜೊತೆ ತಂದು ಕೊಟ್ಟೆ. ತಗೊಳ್ಳಲಿಲ್ಲ. ಎಲ್ಲರಿಗೂ ಕೇಳಿದ್ದೆ ನಾನು, ನನಗೊಬ್ಬಳಿಗಲ್ಲ ಅಂದ್ಲು. ಬಾಗಿಲ ಹಿಂದೆ ಮೊಳೆಗೆ ಹಾಗೇ ನೇತಾಡ್ತಿದೆ."

ಇದನ್ನೆಲ್ಲ ಬರೆದುಕೊಳ್ಳಲು ಬಂದವರು ಹೊರಡುವ ದಿನದ ಬೆಳಿಗ್ಗೆ ಇನ್ನೊಂದು ಹಲಗೆ ಮಾಗಿ ನಿಂತಿದೆ. ಕಲ್ಲಿನ ಮೇಲೆ ಸೋಪು, ಗೋಡೆಗೆ ಒರಗಿದ ತಂಗಿ. ಬಾಗಿಲು ತೆರೆದು ಅಕ್ಕ ಬರುತ್ತಾರೆ. ನಾಲಗೆ. ಒಂದು ಮೂಲೆ, ಇನ್ನೊಂದು ಮೂಲೆ, ನಡುಮಧ್ಯೆ. ಮುಕ್ಕಳಿಸಿ ಉಗಿದು "ಸರಿ ಇದೆ" ಎನ್ನುತ್ತಾರೆ. ಇವತ್ತು ಅಷ್ಟಕ್ಕೇ ಹೋಗುವುದಿಲ್ಲ. ಹಲಗೆಯ ಬಳಿ ಬಂದು ಒಂದು ಸೋಪನ್ನು ಎತ್ತಿ, ಚೀಲದಿಂದ ಹಳೆಯ ಕಾಗದ ತೆಗೆದು ಸುತ್ತುತ್ತಾರೆ.

ನೊರೆಯಮ್ಮ ಗೋಡೆ ಬಿಟ್ಟು ಹಲಗೆಯ ಬಳಿ ಬರುತ್ತಾರೆ. "ನಿನಗಾ ಅಕ್ಕ?"

"ನಂಗಲ್ಲ. ಮೂರನೇ ಮಹಡಿಯವಳು ಕೇಳಿದ್ಲು."

"ಅವಳಿಗೆ ಹಳೇದೆಲ್ಲ ಹೇಳಿದ್ಯಾ? ಹೇಳ್ದೆ ಕೊಡ್ಬೇಡ."

"ಸುಟ್ಟಿದ್ದೇ ಅವಳ ಕೈ ಕಣೇ. ಅವಳಿಗೇನು ಕಥೆ ಹೇಳ್ಲಿ?"

ಬಹಳ ದಿನಗಳ ಮೇಲೆ ಅಕ್ಕನ ಬಾಯಲ್ಲಿ ತಂಗಿಗೆ ಇಷ್ಟು ಉದ್ದದ ಮಾತು. ನೊರೆಯಮ್ಮ ಮುಖ ತಿರುಗಿಸಿಕೊಂಡು, ಆಗಲೇ ಒರೆಸಿದ ಹಲಗೆಯನ್ನು ಇನ್ನೊಮ್ಮೆ ಒರೆಸುತ್ತಾರೆ. ಮುಂದೆ ಏನು ಆಸೆ, ದೊಡ್ಡ ಅಂಗಡಿ, ಹೆಸರು, ಹೀಗೆ ಏನಾದರೂ ಎಂದು ಕೇಳಿದರೆ ಅಕ್ಕನಿಗೂ ಕೇಳಿಸುವ ಹಾಗೆಯೇ ಉತ್ತರಿಸುತ್ತಾರೆ.

"ಅದೇನೂ ಬೇಡ. ನನ್ನ ಸೋಪು ಮಾರಿಹೋಗದಿದ್ರೂ ಪರವಾಗಿಲ್ಲ. ಅಕ್ಕ ಕೇಳಿದ ಆ ಗ್ಲೌಸು ಒಂದು ಬಂದುಬಿಡ್ಲಿ, ಎಲ್ಲರಿಗೂ."

ನಲ್ಲಿ ತಿರುಗಿಸುತ್ತಿದ್ದ ಅಕ್ಕ ತಲೆ ಎತ್ತುವುದಿಲ್ಲ. "ಗ್ಲೌಸು ಬಂದ್ರೆ ನಿನ್ನ ಸೋಪು ಯಾರು ಕೇಳ್ತಾರೆ?"

"ಕೇಳದಿದ್ರೆ ಬಿಡ್ಲಿ ಅಕ್ಕ."

ಅಕ್ಕ ನೀರಿಗೆ ಕೈ ಒಡ್ಡುತ್ತಾರೆ. ಬಿರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬರೀ ನೀರಿನಲ್ಲೇ ತೊಳೆದುಕೊಳ್ಳುತ್ತಾರೆ. ಕೋಟಿಗೆ ಒರೆಸಿಕೊಂಡು, ಕಾಗದ ಸುತ್ತಿದ ಸೋಪನ್ನು ಚೀಲಕ್ಕೆ ಹಾಕಿ ಗೇಟಿನ ಕಡೆ ನಡೆಯುತ್ತಾರೆ. ನಾಲಗೆ ಮುಟ್ಟಿದ ಸೋಪು ಕೈಗೆಟುಕುವಷ್ಟು ಹತ್ತಿರದಲ್ಲಿ, ಕಲ್ಲಿನ ಮೇಲೆ, ಇವತ್ತೂ ಹಾಗೇ ಒಣಗುತ್ತಿದೆ. ನೊರೆಯಮ್ಮ ಅದನ್ನು ಎತ್ತಿ ಹಲಗೆಗೆ ಸೇರಿಸುವುದಿಲ್ಲ. ಸಂಜೆ ಅಕ್ಕ ಮತ್ತೆ ಇದೇ ನಲ್ಲಿಗೆ ಬರುತ್ತಾರಲ್ಲ, ಅಲ್ಲೇ ಇರಲಿ ಎಂದು ಬಿಡುತ್ತಾರೆ.